ಜಗಲಿ ಮಾತು: ಪಣೋಲಿ ಹೂ ಬಿಟ್ಟ ವರ್ಷ



ಅಕ್ಕಲಕೋಟೆ ಕಡೆಯ ಹಿರಿಯ ಓದುಗರೊಬ್ಬರು ಬರೆದ ಕಾಗದವನ್ನು ಸಂಪಾದಕರು ನನಗೆ ಕಳಿಸಿಕೊಟ್ಟಿದ್ದಾರೆ. "ನಿಮ್ಮ ಅಂಕಣಕಾರರು ಅಡಿಕೆ, ತೆಂಗು ಎಂದು ಶುರು ಮಾಡುತ್ತಾರೆ. ಅರ್ಧಕ್ಕೆ ಬರುವಷ್ಟರಲ್ಲಿ ಮದುವೆ, ಕೋರ್ಟು, ಮೊಣಕಾಲು ನೋವು ಎಂದು ಎಲ್ಲಿಗೋ ಹೋಗಿರುತ್ತಾರೆ. ನಮ್ಮ ಕಡೆ ತೋಟವೆಂದರೆ ದ್ರಾಕ್ಷಿ, ದಾಳಿಂಬೆ. ತೆಂಗು ಕಂಗಿನ ಬಗ್ಗೆ ನಾಲ್ಕು ಮಾತು ತಿಳಿಯೋಣವೆಂದು ಓದಲು ಕುಳಿತರೆ ಕೈಗೆ ಏನೂ ಸಿಗುವುದಿಲ್ಲ" ಎಂಬುದು ಅವರ ದೂರು.

ದೂರು ನಿಜ. ಆದರೆ ಅದು ನಮ್ಮ ಅಂಗಡಿ ಜಗಲಿಯ ಗುಣ. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಅಡಿಕೆ ಕೊಳ್ಳುವ ಯಾವ ಅಂಗಡಿಯ ಜಗಲಿಯಲ್ಲಿ ಕುಳಿತರೂ ಹೀಗೆಯೇ. ಬಂದವರು ಮೊದಲು ಕೇಳುವುದು "ಪಟೋರ ಎಷ್ಟು? ಡಬ್ಬಲ್ ಚೋಲಿಗೆ ಏನಾದರೂ ಏರಿತಾ?" ಎಂದು. ದರ ಹೇಳಲು ಅರ್ಧ ನಿಮಿಷ ಸಾಕು. ಆಮೇಲೆ ಅವರು ಕುಳಿತೇ ಇರುತ್ತಾರೆ. ಮೈಲುತುತ್ತಿನ ಬೆಲೆ ಬರುತ್ತದೆ, ಮದ್ದು ಬಿಡುವವರು ಸಿಗದ ಸಂಗತಿ ಬರುತ್ತದೆ, ಮರ ಹತ್ತುವವನ ಮಗ ಕೊಲ್ಲಿಗೆ ಹೋದದ್ದು ಬರುತ್ತದೆ, ಕೊಲ್ಲಿಯಿಂದ ಮದುವೆ, ಮದುವೆಯಿಂದ ಸಾಲ. ನಮ್ಮ ಗುಮಾಸ್ತನ ಪ್ರಕಾರ ಇದು ವ್ಯಾಪಾರದ ಹೊತ್ತು ಹಾಳುಮಾಡುವ ಕೆಲಸ. ನನಗೂ ಬಹಳ ಕಾಲ ಹಾಗೆಯೇ ಅನಿಸುತ್ತಿತ್ತು.

ಬುಧವಾರದ ಕೂಟದಲ್ಲಿ ಖಾಯಂ ನಾಲ್ಕು ಜನ. ಎರಡೆಕರೆ ಅಡಿಕೆ ಮಾಡುವ ಭಟ್ಟರು. ತೆಂಗಿನಕಾಯಿಯ ಸಗಟು ವ್ಯಾಪಾರ ಮಾಡಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟ ಹಾಜಿಯವರು. ನಾನು. ಮತ್ತು ಬೈಲಿನ ಮಾವ. ತಾಯಿಯ ಕಡೆಯಿಂದ ನನಗೆ ದೂರದ ಸೋದರಮಾವ, ಎಂಬತ್ತು ದಾಟಿದವರು. ತುಳು, ಕನ್ನಡ, ಮಲಯಾಳ ಮೂರೂ ಒಂದೇ ವಾಕ್ಯದಲ್ಲಿ ಓಡಾಡುವ ಕೂಟ ಇದು. 1956ರ ನವೆಂಬರಿನಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಮಾವ ಶಾಲೆಗೆ ಹೋಗುವ ಹುಡುಗ. ಆ ಮಾತು ತೆಗೆದರೆ ಅಂದಿನ ಮಧ್ಯಾಹ್ನ ಮುಗಿಯಿತೆಂದೇ ಲೆಕ್ಕ.

ಹೊರಗಿನವರಿಗೆ ವಿಷಯಾಂತರವೆಂದು ಕಂಡ ಮಾತುಗಳಲ್ಲಿ ಕೆಲವು ನಮಗೆ ಮುಖ್ಯವಾದವು. ಒಂದು ಸಲ ಕುರುವಾಯಿ ದುಂಬಿಯ ಮಾತು ಬಂತು. ಭಟ್ಟರ ಎಳೆ ತೆಂಗಿನ ಸುಳಿಯನ್ನು ಅದು ಕೊರೆದಿತ್ತು. ಕಬ್ಬಿಣದ ಕೊಕ್ಕೆ ಹಾಕಿ ದುಂಬಿಯನ್ನು ಎಳೆದು ತೆಗೆಯುವುದು ಹಳೆಯ ಕ್ರಮ. ಕೊಕ್ಕೆಗೆ ಸಿಕ್ಕಿದ ದುಂಬಿ ಬದುಕುವುದಿಲ್ಲ. ಮಾವ ನನ್ನ ಕಡೆ ತಿರುಗಿ, "ನೀನು ಪಾಠಶಾಲೆಯಲ್ಲಿ ಓದಿದವನಲ್ಲವಾ, ಹೇಳು. ಇದು ಉದ್ಯಮಿ ಹಿಂಸೆಯಾ, ಸಂಕಲ್ಪಿ ಹಿಂಸೆಯಾ?" ಎಂದು ಕೇಳಿದರು. ಗೃಹಸ್ಥನಿಗೆ ಆರಂಭಿ, ಉದ್ಯಮಿ, ವಿರೋಧಿ ಹಿಂಸೆಗಳು ಪೂರ್ತಿ ತಪ್ಪುವುದಿಲ್ಲ, ಕೊಲ್ಲಬೇಕೆಂದೇ ಕೊಲ್ಲುವ ಸಂಕಲ್ಪಿಯನ್ನು ಮಾತ್ರ ಬಿಡಲೇಬೇಕು ಎಂದು ನಾವೆಲ್ಲ ಬಾಯಿಪಾಠ ಮಾಡಿದವರೇ. ಕೊಕ್ಕೆ ಕೈಯಲ್ಲಿ ಹಿಡಿದಾಗ ಅದು ಯಾವುದು? ನಾನು ತಡವರಿಸಿದೆ. ದಾರಿ ತೋರಿಸಿದ್ದು ಹಾಜಿಯವರು: "ಬರದ ಹಾಗೆ ಮಾಡಿದ್ರೆ ಕೊಲ್ಲುವ ಪ್ರಶ್ನೆಯೇ ಇಲ್ಲ ಅಲ್ವಾ?" ತೆಂಗಿನ ಸಂಶೋಧನಾ ಕೇಂದ್ರದವರು ಹೇಳುವ ಕ್ರಮವೂ ಅದೇ. ಸುಳಿಯ ಸುತ್ತಲಿನ ಮೇಲಿನ ಮೂರು ಗರಿಗಳ ಕಂಕುಳಲ್ಲಿ ಒಂದೊಂದು ನುಸಿಗುಳಿಗೆ ಇಟ್ಟು ಮರಳು ಮುಚ್ಚುವುದು, ಇಲ್ಲವೇ ಬೇವಿನ ಅಥವಾ ಹೊಂಗೆಯ ಹಿಂಡಿಯನ್ನು ಮರಳಿನೊಂದಿಗೆ ಬೆರೆಸಿ ತುಂಬುವುದು. ಅಕ್ಕಲಕೋಟೆಯ ಹಿರಿಯರಿಗೆ ಇಷ್ಟಾದರೂ ಕೈಗೆ ಸಿಕ್ಕಿತೆಂದುಕೊಳ್ಳುತ್ತೇನೆ.

ಇನ್ನೊಂದು ಸಲ ಶೇಂದಿಗೆ ತೆಂಗು ಬಿಡುವ ಮಾತು. ಮರ ಕೊಟ್ಟರೆ ಕಾಯಿಗಿಂತ ಹೆಚ್ಚಿನ ದುಡ್ಡು, ಮನೆ ಬಾಗಿಲಿಗೆ. ನಮ್ಮ ಸಮಾಜದ ಒಂದೆರಡು ಮನೆಯವರು "ಕುಡಿಯುವವರು ನಾವಲ್ಲವಲ್ಲ" ಎಂದು ಸಮಾಧಾನ ಹೇಳಿಕೊಂಡದ್ದೂ ಉಂಟು. ಮಾವ ಆ ದಿನ ಏನೂ ವಾದಿಸಲಿಲ್ಲ. "ನನ್ನ ಮರ ನನ್ನ ಮಾತು ಕೇಳ್ತದೆ" ಎಂದಷ್ಟೇ ಹೇಳಿ ಎದ್ದರು.

2022ರ ದೀಪಾವಳಿ ಕಳೆದು ಒಂದು ಬುಧವಾರ ಮಾವ ಬಂದವರು ದರ ಕೇಳಲಿಲ್ಲ. "ಮೇಲಿನ ಗುಡ್ಡೆಯ ಪಣೋಲಿ ಕೊಡಿ ಎತ್ತಿದೆ" ಎಂದರು.

ಬಯಲುಸೀಮೆಯ ಓದುಗರಿಗೆ ಪಣೋಲಿ ಎಂದರೆ ಗೊತ್ತಾಗಲಿಕ್ಕಿಲ್ಲ. ಶ್ರೀತಾಳೆ. ಮಲಯಾಳದಲ್ಲಿ ಕುಡಪ್ಪನ, ಅಂದರೆ ಕೊಡೆಯ ತಾಳೆ. ನೀವು ಕಂಡಿರುವ ತಾಟಿನಿಂಗಿನ ತಾಳೆ ಬೇರೆ. ಇದು ಅದರ ದೊಡ್ಡಣ್ಣ. ಒಂದೊಂದು ಎಲೆ ಅಡ್ಡಗಲ ಹದಿನೈದು ಅಡಿಯವರೆಗೂ ಬೆಳೆಯುತ್ತದೆ. ನನ್ನ ಬಾಲ್ಯದಲ್ಲಿ ಗದ್ದೆ ಕೆಲಸಕ್ಕೆ ಹೋಗುವ ಹೆಂಗಸರು ಇದರ ಓಲೆಯ ಗೊರಬು ಹೊದ್ದು ನೇಜಿ ನೆಡುತ್ತಿದ್ದರು. ಪ್ಲಾಸ್ಟಿಕ್ ಬಂದು ಅದು ಹೋಯಿತು. ಈ ಮರ ಮೂವತ್ತರಿಂದ ಎಂಬತ್ತು ವರ್ಷ ಸುಮ್ಮನೆ ಬೆಳೆಯುತ್ತದೆ. ಹೂ ಇಲ್ಲ, ಕಾಯಿ ಇಲ್ಲ. ಆಮೇಲೆ ಒಂದೇ ಒಂದು ಸಲ ನೆತ್ತಿಯಿಂದ ಇಪ್ಪತ್ತು ಅಡಿ ಎತ್ತರದ ಹೂಗೊಂಚಲು ಏಳುತ್ತದೆ. ಅದರಲ್ಲಿ ಲಕ್ಷಲಕ್ಷ ಹೂಗಳು. ಗಿಡಮರಗಳಲ್ಲಿ ಕವಲೊಡೆದ ಹೂಗೊಂಚಲುಗಳ ಪೈಕಿ ಇದಕ್ಕಿಂತ ದೊಡ್ಡದಿಲ್ಲವೆಂದು ಸಸ್ಯಶಾಸ್ತ್ರದವರು ಹೇಳುತ್ತಾರೆ. ಕಾಯಿ ಬಲಿಯಲು ಒಂದು ವರ್ಷ ಬೇಕು. ಕಾಯಿ ಉದುರಿತೆಂದರೆ ಮರ ಒಣಗಿತು.

ಆದರೆ ತುಳುನಾಡಿನಲ್ಲಿ ಪಣೋಲಿ ಹೂ ಬಿಡುವುದೆಂದರೆ ಊರಿಗೆ ಕೇಡು, ಬರಗಾಲದ ಸೂಚನೆ ಎಂಬ ಭಯ ಹಿಂದಿನಿಂದ ಉಂಟು. ಕೊಡಿ ಎತ್ತಿದ್ದು ಕಂಡ ಕೂಡಲೇ ಕಡಿದು ಹಾಕುತ್ತಾರೆ. ಹೂ ಬಿಡುವುದು ಒಂದೇ ಸಲವಾದ್ದರಿಂದ, ಆಗ ಕಡಿದರೆ ಬೀಜವೇ ಇಲ್ಲ. ಮರ ಅಪರೂಪವಾಗದೆ ಇನ್ನೇನಾಗುತ್ತದೆ?

ಅವತ್ತು ನಾನೂ ಕಡಿಯಬೇಕೆಂದೇ ಹೇಳಿದೆ. ನಂಬಿಕೆಗಾಗಿ ಅಲ್ಲ. ಮಾವನ ಮೊಮ್ಮಗಳ ಮದುವೆ ಮೇ ತಿಂಗಳಿಗೆ ನಿಶ್ಚಯವಾಗಿತ್ತು. ಅತ್ತೆ ಹೆದರಿದ್ದಾರೆಂದು ಕೇಳಿದ್ದೆ. "ಹೇಗೂ ಸಾಯುವ ಮರ. ಮನೆಯಲ್ಲಿ ಮನಸ್ತಾಪ ಯಾಕೆ ಮಾವ? ಪಟೋರ ಈಗ ಚೆನ್ನಾಗಿದೆ, ಆ ಜಾಗದಲ್ಲಿ ನಾಲ್ಕು ಅಡಿಕೆ ಸಸಿ ಇಡಿ" ಎಂದೆ. ಭಟ್ಟರಿಗೆ ಬೇರೆ ಚಿಂತೆ: ಮರ ಒಣಗಿ ಬಿದ್ದರೆ ತನ್ನ ಕಡೆಯ ಕಂಗಿನ ಮೇಲೆ ಬೀಳುತ್ತದೆ. ಹಾಜಿಯವರು ಮಾತ್ರ ಕುಡಪ್ಪನದ ಹಿಟ್ಟಿನ ಕಥೆ ತೆಗೆದರು. ಅಕ್ಕಿ ಸಿಗದ ಕಾಲದಲ್ಲಿ ಈ ಮರದ ತಿರುಳನ್ನು ಕುಟ್ಟಿ, ನೀರಿನಲ್ಲಿ ಸೋಸಿ, ಹಿಟ್ಟು ಮಾಡಿ ಗಂಜಿ ಕಾಯಿಸುತ್ತಿದ್ದರೆಂದು ಅವರ ಉಮ್ಮ ಹೇಳುತ್ತಿದ್ದರಂತೆ. ಹೂ ಬಿಡುವ ಮೊದಲು ತಿರುಳಿನಲ್ಲಿ ಹಿಟ್ಟು ಹೆಚ್ಚು. ಹೂ ಬಿಟ್ಟ ಮೇಲೆ ಆ ಸತ್ವವೆಲ್ಲ ಹೂವಿಗೆ, ಕಾಯಿಗೆ ಹೋಗುತ್ತದೆ. ಬರಗಾಲಕ್ಕೂ ಈ ಮರಕ್ಕೂ ನಂಟು ಬಿದ್ದದ್ದು ಹೀಗೆಯೇ ಇರಬೇಕೆಂದು ನನ್ನ ಊಹೆ. ಹಸಿದವನಿಗೆ, ಹೂ ಬಿಟ್ಟ ಪಣೋಲಿ ಎಂದರೆ ಕೈತಪ್ಪಿದ ಅನ್ನ.

ಮಾವ ಎಲ್ಲ ಕೇಳಿಸಿಕೊಂಡು, "ಕಾಯಿ ಬಲಿಯುವ ತನಕ ಆ ಜಾಗ ನಮ್ಮದಾಗಿಯೇ ಇರಬೇಕಲ್ಲ ಮಾರಾಯ" ಎಂದರು.

ನಾನು, "ಇರದೆ ಎಲ್ಲಿಗೆ ಹೋಗ್ತದೆ ಮಾವ? ಈ ಸಲ ಹಳೆ ಅಡಿಕೆ ಎಷ್ಟು ಗೋಣಿ ಉಳಿಸಿದ್ದೀರಿ?" ಎಂದು ಕೇಳಿದೆ.

ಈ ನನ್ನ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳಲಿಲ್ಲ.

ಜನವರಿಯಲ್ಲಿ ಮದುವೆಯ ಜಿನಸಿನ ಪಟ್ಟಿ ಬರೆದುಕೊಳ್ಳಲು ಅವರ ಮನೆಗೆ ಹೋದೆ. ಇಂದ್ರರೂ ಮುಹೂರ್ತದ ಕೆಲಸಕ್ಕೆ ಬಂದಿದ್ದರು. ಅಕ್ಕಿ, ಬೆಲ್ಲ, ತುಪ್ಪ ಎಂದು ಬರೆಯುತ್ತಿರುವಾಗ ಅತ್ತೆ ನಡುವೆ ಬಾಯಿ ಹಾಕಿ, ಆ ಮರಕ್ಕೆ ಏನಾದರೂ ಶಾಂತಿ ಮಾಡಿಸಬೇಕಾ, ಇಲ್ಲ ಕಡಿಸಿಬಿಡಬೇಕಾ ಎಂದು ಇಂದ್ರರನ್ನು ಕೇಳಿದರು. ಇಂದ್ರರು, "ಮರ ಹೂ ಬಿಟ್ಟರೆ ಕೇಡೆಂದು ನಮ್ಮ ಯಾವ ಗ್ರಂಥದಲ್ಲೂ ನಾನು ಓದಿಲ್ಲಮ್ಮ. ಗ್ರಂಥವೇ ಈ ಮರದ ಓಲೆಯ ಮೇಲಿದೆ" ಎಂದರು.

ಅತ್ತೆಗೆ ಅದು ಗೊತ್ತಿರಲಿಲ್ಲ. ಮೂಡುಬಿದಿರೆಯ ಸಿದ್ಧಾಂತ ಬಸದಿಗೆ ಅವರು ಎಷ್ಟೋ ಸಲ ಹೋಗಿ, ಧವಲಾ, ಜಯಧವಲಾ, ಮಹಾಧವಲಾ ಗ್ರಂಥಗಳಿಗೆ ಕೈಮುಗಿದು ಬಂದವರು. ಓಲೆ ಎಂದರೆ ಸಾಧಾರಣ ತಾಳೆಯ ಓಲೆ ಎಂದೇ ಅವರ ಎಣಿಕೆ. ಸಾಧಾರಣ ತಾಳೆಯ ಗರಿ ದಪ್ಪ, ಬಿರುಸು. ಕಂಟದಿಂದ ಕೊರೆದು ಬರೆಯಬೇಕು. ಶ್ರೀತಾಳೆಯ ಗರಿ ಅಗಲ, ತೆಳು, ಬಟ್ಟೆಯಂತೆ ಬಾಗುತ್ತದೆ. ಮೂಡುಬಿದಿರೆಯ ಆ ಪ್ರತಿಗಳನ್ನು ಶ್ರೀತಾಳೆಯ ಮೇಲೆ ಶಾಯಿಯಲ್ಲೇ ಬರೆದಿದ್ದಾರೆ, ಬಣ್ಣದ ಚಿತ್ರಗಳನ್ನೂ ಬಿಡಿಸಿದ್ದಾರೆ.

ಅಲ್ಲಿಂದ ಮಾತು ಎಲ್ಲಿಗೆ ಹೋಯಿತೆಂದರೆ, ಜಿನಸಿನ ಪಟ್ಟಿ ಅಂದು ಮುಗಿಯಲೇ ಇಲ್ಲ. ಧರಸೇನಾಚಾರ್ಯರಿಂದ ಕಲಿತು ಪುಷ್ಪದಂತ, ಭೂತಬಲಿ ಆಚಾರ್ಯರು ಷಟ್ಖಂಡಾಗಮವನ್ನು ಬರಹಕ್ಕೆ ಇಳಿಸಿದ್ದು, ಅದರ ನೆನಪಿಗೆ ಜ್ಯೇಷ್ಠ ಶುದ್ಧ ಪಂಚಮಿಯಂದು ನಾವು ಶ್ರುತಪಂಚಮಿ ಮಾಡುವುದು ಎಲ್ಲರಿಗೂ ಗೊತ್ತು. ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ಧವಲಾ ಟೀಕೆಯೂ ಗೊತ್ತು. ಇಂದ್ರರು ಹೇಳಿದ್ದು ಬೇರೆ: ಮಹಾಬಂಧದ ಪ್ರತಿಯನ್ನು ಬರೆಯಿಸಿದವಳು ಮಲ್ಲಿಕಬ್ಬೆ ಎಂಬ ಶ್ರಾವಿಕೆ. ಪಂಚಮಿಯ ನೋಂಪಿಯ ಉದ್ಯಾಪನೆಗೆಂದು ಬರೆಯಿಸಿ ಮಾಘನಂದಿ ಮುನಿಗಳಿಗೆ ಕೊಟ್ಟಳು. ಅತ್ತೆ, "ಹೆಂಗಸು ಬರೆಯಿಸಿದ್ದಾ?" ಎಂದು ಎರಡು ಸಲ ಕೇಳಿದರು.

ನನಗೆ ತಿಳಿದದ್ದನ್ನು ನಾನೂ ಸೇರಿಸಿದೆ. ಶತಮಾನಗಳ ಕಾಲ ಆ ಗ್ರಂಥಗಳು ದರ್ಶನಕ್ಕೆ ಮಾತ್ರ, ಓದುವವರಿಲ್ಲ. 1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಯಾತ್ರೆಗೆ ಬಂದು ಓಲೆಗಳು ಜೀರ್ಣವಾಗುತ್ತಿರುವುದನ್ನು ಕಂಡು ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರಿಗೆ ತಿಳಿಸಿದರು. ಇಬ್ಬರೂ ವ್ಯಾಪಾರಿಗಳು, ನಮ್ಮ ನಿಮ್ಮ ಹಾಗೆ. ಅವರ ಪ್ರಯತ್ನದಿಂದ ಮುಂದೆ ಪ್ರತಿ ಮಾಡುವ ಕೆಲಸ ನಡೆಯಿತು. ಪ್ರತಿಗಳು ಬಸದಿಯಿಂದ ಹೊರಗೆ ಹೋಗುವಂತಿರಲಿಲ್ಲ. ಪ್ರತಿ ಮಾಡುತ್ತಿದ್ದ ಗಜಪತಿ ಉಪಾಧ್ಯಾಯರು ಮನೆಯಲ್ಲಿ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ತಯಾರಿಸಿದರು. ಅದರಲ್ಲಿ ಅವರ ಹೆಂಡತಿ ಲಕ್ಷ್ಮೀಬಾಯಿಯ ಕೈಯೂ ಇತ್ತು. ಆ ಪ್ರತಿ ಸಹಾರಣಪುರಕ್ಕೆ ಹೋಯಿತು. ಕೊನೆಗೆ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಿಂದ ಧವಲಾ ಅಚ್ಚಾಗತೊಡಗಿ ಹದಿನಾರು ಸಂಪುಟಗಳಾದವು. ಗುಟ್ಟಾಗಿ ಪ್ರತಿ ಮಾಡಿದ್ದು ಸರಿಯೋ ತಪ್ಪೋ ಎಂದು ಇಂದ್ರರಿಗೂ ನನಗೂ ಸ್ವಲ್ಪ ಜಟಾಪಟಿಯಾಯಿತು. ನಾನು ಸರಿ ಎಂದೆ, ಈಗಲೂ ಅನ್ನುತ್ತೇನೆ.

ಮಾವ ಕುರ್ಚಿಯಲ್ಲಿ ಕಣ್ಣುಮುಚ್ಚಿ ಕುಳಿತಿದ್ದರು. ನಿದ್ದೆ ಬಂದಿದೆ ಎಂದುಕೊಂಡಿದ್ದೆವು. ಅತ್ತೆ ಒಳಗೆ ಹೋಗುತ್ತಾ, "ಅದು ಅದರಷ್ಟಕ್ಕೆ ಇರಲಿ" ಎಂದರು. ಮಾವ ಕಣ್ಣು ತೆರೆಯದೆ ನಕ್ಕರು.

ಮೇ ತಿಂಗಳಲ್ಲಿ ಮದುವೆ ಆಯಿತು. ಗುಡ್ಡೆಯ ಮೇಲೆ ಪಣೋಲಿ ಮುತ್ತಿನ ಕಿರೀಟ ಇಟ್ಟುಕೊಂಡ ಹಾಗೆ ನಿಂತಿತ್ತು. ಬೆಂಗಳೂರಿನ ನೆಂಟರೆಲ್ಲ ಅದರ ಬುಡದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಊರಿಗೆ ಯಾವ ಕೇಡೂ ಬರಲಿಲ್ಲ.

ಮಾವನ ಆರೋಗ್ಯ ಮಾತ್ರ ಮಳೆಗಾಲದಲ್ಲಿ ಕೆಟ್ಟಿತು. ಕೆಲವು ಬುಧವಾರ ಬಂದರು, ಕೆಲವು ಬರಲಿಲ್ಲ. ಬಂದಾಗ ಮರದ ಸುದ್ದಿಯೇ. ಗೋಲಿಯಷ್ಟಾಗಿದೆ, ಇನ್ನೂ ಹಸಿರು, ಬಾವಲಿ ಬರುತ್ತದೆ, ಹೀಗೆ. ನಾನು ಹಾಂ ಹೂಂ ಎನ್ನುತ್ತಾ ಕೊಳೆರೋಗದ ಎರಡನೇ ಮದ್ದಿಗೆ ಮೈಲುತುತ್ತು ಕಟ್ಟಿಸುತ್ತಿದ್ದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಜಡಿಮಳೆಯ ನಡುವೆ ಎರಡು ದಿನ ಬಿಸಿಲು ಸಿಕ್ಕಿದರೆ ಗಿರಾಕಿಗಳೆಲ್ಲ ಒಟ್ಟಿಗೆ ಬರುತ್ತಾರೆ. ಕೈಗೆ ಬಿಡುವಿರಲಿಲ್ಲ ಎಂದು ಹೇಳಿಕೊಳ್ಳಬಹುದು. ಬಿಡುವಿದ್ದಿದ್ದರೂ ಕೇಳುತ್ತಿದ್ದೆನೆಂದು ಹೇಳಲಾರೆ.

2023ರ ದಶಲಕ್ಷಣ ಪರ್ವ ಮುಗಿದು ನಾಲ್ಕು ದಿನಕ್ಕೆ ಮಾವ ತೀರಿಕೊಂಡರು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಅವರ ಮಗ ಅಂಗಡಿಗೆ ಬಂದರು. ಪುಣೆಯಲ್ಲಿ ದೊಡ್ಡ ಕೆಲಸದಲ್ಲಿರುವವರು, ನನಗಿಂತ ಚಿಕ್ಕವರು. "ಅಣ್ಣಾ, ಗುಡ್ಡೆಯ ಜಾಗ ಮಾರುವ ವಿಷಯ ಅಪ್ಪನ ಹತ್ತಿರ ಕೇಳಿದ್ದೆ. ರಸ್ತೆ ಬದಿ, ಒಳ್ಳೆ ಪಾರ್ಟಿ ಬಂದಿತ್ತು. ನಿಮ್ಮಲ್ಲಿ ಮಾತಾಡಿದ್ದೇನೆ, ನೀವು ಹೇಳಿದ ಹಾಗೆ ಮಾಡುವ ಅಂತ ಅಂದಿದ್ರು. ನೀವು ಏನು ಹೇಳಿದ್ದು?"

ನನ್ನಲ್ಲಿ ಯಾರೂ ಮಾತಾಡಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಆಗ ನೆನಪಾಯಿತು. ಆ ಜಾಗ ನಮ್ಮದಾಗಿಯೇ ಇರಬೇಕಲ್ಲ ಮಾರಾಯ. ಒಂದು ವರ್ಷವಿಡೀ ಆ ಮುದುಕರು ಮರದ ಮಾತು ಎತ್ತಿದ್ದು ಮರಕ್ಕಾಗಿ ಮಾತ್ರವಾಗಿರಲಿಲ್ಲ. ಮಗನ ಮೇಲೆ ದೂರು ಹೇಳಲು ಅವರಿಗೆ ಮನಸ್ಸಿಲ್ಲ. ಮನೆಯ ಮಾತನ್ನು ಜಗಲಿಯಲ್ಲಿ ಬಿಚ್ಚುವವರೂ ಅಲ್ಲ. ಮರದ ಮರೆಯಲ್ಲಿ ನಿಂತು ಕೇಳಿದರು. ನಾನು ಪಟೋರದ ದರ ಹೇಳಿದೆ.

ಇದ್ದದ್ದನ್ನು ಇದ್ದ ಹಾಗೆ ಅವರ ಮಗನಿಗೆ ಹೇಳಿದೆ. "ಅವರು ಕೇಳಿದ್ದು ಹೌದು. ನನಗೆ ಕೇಳಿಸಲಿಲ್ಲ. ಕಾಯಿ ಬಲಿಯುವ ತನಕ ಜಾಗ ಇರಬೇಕೆಂದು ಅವರಿಗಿತ್ತು, ಅಷ್ಟು ಖಂಡಿತ. ಅದರ ಮೇಲೆ ಏನು ಅವರ ಮನಸ್ಸಿನಲ್ಲಿತ್ತೋ, ನನ್ನ ಮಾತು ಸೇರಿಸಿ ಹೇಳಲಾರೆ." ಅವರು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. ಭಟ್ಟರು ಬಂದು, ದರ ಕೇಳದೆ, ಮಾವ ಸುಳಿಯಲ್ಲಿ ಹೊಂಗೆ ಹಿಂಡಿ ತುಂಬಿಸಿದ ಕಥೆ ಹೇಳತೊಡಗಿದರು. ಹುಡುಗ ಅಲ್ಲೇ ಅತ್ತುಬಿಟ್ಟರು.

2024ರ ಬೇಸಿಗೆಯಲ್ಲಿ ಕಾಯಿ ಉದುರಿತು, ಗೋಣಿಗಟ್ಟಲೆ. ಮರ ಒಣಗಿತು, ಮಳೆ ಹಿಡಿಯುವ ಮೊದಲು ಭಟ್ಟರ ಕಂಗಿಗೆ ತಾಗದಂತೆ ಹಗ್ಗ ಕಟ್ಟಿ ಇಳಿಸಿದರು. ಆದರೂ ಏಳೆಂಟು ಸಸಿ ಹೋದವು. ಭಟ್ಟರು ಅದರ ಮಾತನ್ನು ಇದುವರೆಗೆ ಎತ್ತಿಲ್ಲ. ಆಮೇಲೆ ರಸ್ತೆ ಬದಿಯ ತುಂಡನ್ನು ಮಗ ಮಾರಿದರು. ಕೆಳಗಿನ ತೋಟ ಮತ್ತು ಮರವಿದ್ದ ಜಾಗ ಮನೆಯಲ್ಲೇ ಉಳಿದಿದೆ. ಮಾವನಿಗೆ ಇದು ಸಮಾಧಾನವಾಗುತ್ತಿತ್ತೋ ಇಲ್ಲವೋ.

ಒಂದು ಗೋಣಿ ಬೀಜ ನಮ್ಮ ಜಗಲಿಗೂ ಬಂತು. ಕೇಳಿದವರಿಗೆಲ್ಲ ಕೊಟ್ಟೆವು. ಬೇಕಾದವರಿಗೆ ಒಂದು ಸೂಚನೆ: ಇದನ್ನು ಸಣ್ಣ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಬೇಡಿ. ತೆಂಗಿನ ಹಾಗೆ ಕಾಯಿಯ ತಲೆಯಿಂದ ಮೊಳಕೆ ಮೇಲೇಳುವುದಿಲ್ಲ. ಬೀಜದಿಂದ ಕೊಳವೆಯಂಥದ್ದೊಂದು ಹೊರಟು ಮೊದಲು ಆಳಕ್ಕೆ ಇಳಿಯುತ್ತದೆ. ಎಷ್ಟೋ ತಿಂಗಳ ಮೇಲೆ, ಬೀಜವಿಟ್ಟ ಜಾಗದಿಂದ ಸ್ವಲ್ಪ ದೂರದಲ್ಲಿ ಮೊದಲ ಎಲೆ ಕಾಣುತ್ತದೆ. ಏನೂ ಬರಲಿಲ್ಲವೆಂದು ಅಗೆದು ನೋಡಿದರೆ ಕೆಟ್ಟಿತು. ಅಂಗಡಿಯ ಹಿಂದೆ ನಾನಿಟ್ಟ ಆರರಲ್ಲಿ ಎರಡು ಬಂದಿವೆ. ಬಸದಿಯ ಹಿತ್ತಿಲಿನಲ್ಲಿ ಅತ್ತೆ ಇಟ್ಟದ್ದು ನಾಲ್ಕೂ ಬಂದಿವೆ. ಶ್ರುತಪಂಚಮಿಯ ದಿನ ಮಕ್ಕಳು ಗ್ರಂಥಗಳಿಗೆ ಹೊಸ ಬಟ್ಟೆ ಕಟ್ಟಿದ ಮೇಲೆ ಅವಕ್ಕೆ ನೀರು ಹಾಕುವ ಕ್ರಮ ಮಾಡಿಟ್ಟಿದ್ದಾರೆ.

ಮೊನ್ನೆ ಬುಧವಾರ ಹೊಸಬರೊಬ್ಬರು ಬಂದು ಡಬ್ಬಲ್ ಚೋಲಿನ ದರ ಕೇಳಿದರು. ಹೇಳಿದೆ. ಅವರು ಎದ್ದು ಹೋಗಲಿಲ್ಲ. "ಈ ವರ್ಷ ತೆಂಗಿಗೆ ಗೊಬ್ಬರ ಹಾಕಲಿಲ್ಲ" ಎಂದರು. ಗುಮಾಸ್ತ ನನ್ನ ಮುಖ ನೋಡಿದ. ನಾನು ಲೆಕ್ಕದ ಪುಸ್ತಕ ಮುಚ್ಚಿ, "ಯಾಕೆ ಹಾಕಲಿಲ್ಲ?" ಎಂದು ಕೇಳಿದೆ.